ಹಾಸ್ಯದ ಬಳಗಕ್ಕೆ ಹೊಸಬರು: ಅಂತರ್ಜಾಲದ ನಗೆಕೂಟಗಳಲ್ಲಿ ಸ್ವಾಗತ ಮತ್ತು ಆಟ

ನಗುವುದಕ್ಕೂ ನಗಿಸುವುದಕ್ಕೂ ಎಂದೇ ಸೇರಿದ ಬಳಗಗಳು ಗಣಕಜಾಲದಲ್ಲಿ ನಾಲ್ಕು ದಶಕಗಳಿಂದ ಇವೆ. ತಂತ್ರಜ್ಞಾನ ಬದಲಾದಂತೆ ಅವುಗಳ ರೂಪ ಬದಲಾಗಿದೆ, ಆದರೆ ಅವು ಎದುರಿಸುತ್ತ ಬಂದಿರುವ ಮೂಲ ಸಮಸ್ಯೆ ಹಾಗೆಯೇ ಉಳಿದಿದೆ. ಬಳಗದಲ್ಲಿ ಮೊದಲಿನಿಂದ ಇದ್ದವರಿಗೆ ಒಂದು ಮಾತು ಕಣ್ಣಿಗೆ ಬಿದ್ದೊಡನೆ ನಗು ಬರುತ್ತದೆ, ಏಕೆಂದರೆ ಆ ಮಾತಿನ ಹಿಂದೆ ನಡೆದುಹೋದ ಹತ್ತಾರು ಮಾತುಗಳು ಅವರಿಗೆ ಗೊತ್ತು. ಅದೇ ಮಾತು ಹೊಸದಾಗಿ ಬಂದವರಿಗೆ ಒಗಟಾಗಿ, ಕೆಲವೊಮ್ಮೆ ಅವಮಾನವಾಗಿ, ಮತ್ತೆ ಕೆಲವೊಮ್ಮೆ ನಿಜವಾದ ಸುದ್ದಿಯಾಗಿಯೇ ಕಾಣುತ್ತದೆ. ಅಡುಗೆಯ ಬಳಗಕ್ಕೋ ತೋಟಗಾರಿಕೆಯ ಬಳಗಕ್ಕೋ ಬಂದ ಹೊಸಬರು ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳಬಹುದು. ಹಾಸ್ಯದ ಬಳಗದಲ್ಲಿ ಹಾಗೆ ಕೇಳುವುದು ಸುಲಭವಲ್ಲ. ಬಿಡಿಸಿ ಹೇಳಿದ ಹಾಸ್ಯ ಸಪ್ಪೆಯಾಗುತ್ತದೆ ಎಂಬ ನಂಬಿಕೆ ಹಳಬರಿಗಿದ್ದರೆ, ಕೇಳಿದರೆ ಅರಸಿಕರೆನಿಸಿಕೊಳ್ಳಬೇಕಾದೀತೆಂಬ ಅಳುಕು ಹೊಸಬರಿಗಿರುತ್ತದೆ. ಆದ್ದರಿಂದ ಹಾಸ್ಯದ ಬಳಗವೊಂದು ಹೊಸಬರನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು ಕೇವಲ ಶಿಷ್ಟಾಚಾರದ ಪ್ರಶ್ನೆಯೆಂದು ಬದಿಗಿಡುವಂತಿಲ್ಲ. ಬಳಗದ ಆಯುಷ್ಯ ನಿಂತಿರುವುದೇ ಅದರ ಮೇಲೆ. ಇಂಥ ಬಳಗಗಳ ಇತಿಹಾಸವನ್ನು ಗಮನಿಸಿದರೆ, ಈ ಕೆಲಸಕ್ಕೆ ಒದಗಿಬಂದ ಸಾಧನಗಳಲ್ಲಿ ಆಟಕ್ಕೆ ಮೊದಲ ಸ್ಥಾನವೆಂಬುದೂ, ಆಟ ಫಲಿಸುವುದು ಹೊಸಬರ ಮೇಲೆ ನಗದೆ ಅವರೊಡನೆ ನಗುವ ಬಳಗಗಳಲ್ಲಿ ಮಾತ್ರವೆಂಬುದೂ ತಿಳಿಯುತ್ತದೆ.

ಲಿಫ್ಟಿನಲ್ಲಿ ಚೆಲ್ಲದ ಪಾದರಸ

ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕವಿಜ್ಞಾನ ವಿಭಾಗದಲ್ಲಿ 1982ರ ಸೆಪ್ಟೆಂಬರ್‌ನಲ್ಲಿ ನಡೆದ ಪ್ರಸಂಗವೊಂದು ಈ ಸಮಸ್ಯೆಯ ಹಳೆಯ, ಸ್ಪಷ್ಟವಾದ ದಾಖಲೆಗಳಲ್ಲೊಂದು. ಅಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಗಣಕದ ಮೂಲಕ ಪರಸ್ಪರ ಸಂದೇಶಗಳನ್ನು ಬರೆದುಕೊಳ್ಳುವ ಒಂದು ಸಾಮಾನ್ಯ ಸೂಚನಾಫಲಕವಿತ್ತು. ಅದರಲ್ಲಿ ಯಾರೋ ಒಬ್ಬರು ಭೌತವಿಜ್ಞಾನದ ಒಂದು ಒಗಟನ್ನು ಮುಂದಿಟ್ಟರು: ಲಿಫ್ಟೊಂದರ ಗೋಡೆಗೆ ಉರಿಯುವ ಮೇಣದಬತ್ತಿಯನ್ನು ಸಿಕ್ಕಿಸಿ, ನೆಲದ ಮೇಲೆ ಒಂದು ಹನಿ ಪಾದರಸವನ್ನು ಇಟ್ಟಿರುವಾಗ ಲಿಫ್ಟಿನ ಹಗ್ಗ ಕಡಿದು ಅದು ಕೆಳಕ್ಕೆ ಬೀಳತೊಡಗಿದರೆ ಬತ್ತಿಗೂ ಪಾದರಸಕ್ಕೂ ಏನಾಗುತ್ತದೆ? ಉತ್ತರಗಳು ಒಂದರ ಹಿಂದೊಂದು ಬಂದವು. ಆ ಲಹರಿಯಲ್ಲೇ ಮತ್ತೊಬ್ಬರು, ಇತ್ತೀಚಿನ ಭೌತವಿಜ್ಞಾನ ಪ್ರಯೋಗದಿಂದಾಗಿ ಎಡತುದಿಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಬೆಂಕಿಯಿಂದ ಸ್ವಲ್ಪ ಹಾನಿಯೂ ಆಗಿದೆ ಎಂಬರ್ಥದ ಎಚ್ಚರಿಕೆಯ ಪ್ರಕಟಣೆಯನ್ನು ತಮಾಷೆಗೆಂದು ಬರೆದರು.

ಮಾತುಕತೆಯನ್ನು ಮೊದಲಿನಿಂದ ಓದಿದವರು ಇದನ್ನು ಓದಿ ನಕ್ಕರು. ನಡುವೆ ಬಂದು ಕೊನೆಯ ಸಂದೇಶವನ್ನಷ್ಟೇ ನೋಡಿದವರು ಅದನ್ನು ನಿಜವಾದ ಎಚ್ಚರಿಕೆಯೆಂದೇ ತಿಳಿಯುವ ಸಂಭವವಿತ್ತು. ಹೀಗಾಗಿ, ತಮಾಷೆಯ ಸಂದೇಶಗಳಿಗೆ ಏನಾದರೊಂದು ಗುರುತು ಹಾಕಬೇಕೆಂಬ ಚರ್ಚೆ ಆರಂಭವಾಯಿತು. ಒಬ್ಬರು ನಕ್ಷತ್ರ ಚಿಹ್ನೆಯನ್ನು ಸೂಚಿಸಿದರು, ಮತ್ತೊಬ್ಬರು ಶೇಕಡಾ ಚಿಹ್ನೆಯನ್ನು. ಸೆಪ್ಟೆಂಬರ್ 19ರಂದು ಪ್ರಾಧ್ಯಾಪಕ ಸ್ಕಾಟ್ ಫಾಲ್ಮನ್ ಅವರು ಎರಡು ಚುಕ್ಕೆ, ಒಂದು ಕಿರುಗೆರೆ, ಒಂದು ಮುಚ್ಚುವ ಕಂಸ ಇವಿಷ್ಟನ್ನು ಸಾಲಾಗಿ ಬರೆದು, ತಲೆಯನ್ನು ಪಕ್ಕಕ್ಕೆ ವಾಲಿಸಿ ನೋಡಿದರೆ ಕಾಣುವ ನಗುಮುಖವೇ ಆ ಗುರುತಾಗಲಿ ಎಂದು ಸಲಹೆಯಿತ್ತರು. ಈ ಸಂದೇಶ ಬಹುಕಾಲ ಕಳೆದುಹೋಗಿತ್ತು. 2002ರಲ್ಲಿ ಹಳೆಯ ಕಾಂತಪಟ್ಟಿಗಳನ್ನು ಜಾಲಾಡಿ ಅದನ್ನು ಮರಳಿ ಪಡೆಯಲಾಯಿತು. ಇಂದು ಕೋಟ್ಯಂತರ ಜನ ದಿನವೂ ಬಳಸುವ ನಗುಮುಖದ ಚಿಹ್ನೆಗಳ ಪರಂಪರೆಯ ಆರಂಭದಲ್ಲಿ ಇರುವುದು, ಮಾತಿನ ಹಿನ್ನೆಲೆ ತಿಳಿಯದೆ ಬಂದ ಓದುಗರು ದಿಗಿಲುಗೊಳ್ಳಬಾರದೆಂಬ ಕಾಳಜಿ.

ಇದು ಆಟವೆಂಬ ಸೂಚನೆ

ಇಂಥ ಗುರುತು ಏಕೆ ಬೇಕಾಗುತ್ತದೆ ಎಂಬುದನ್ನು ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್‌ಸನ್ ಅವರು ಗಣಕಜಾಲಗಳು ಹುಟ್ಟುವುದಕ್ಕೆ ಮೊದಲೇ ವಿವರಿಸಿದ್ದರು. ಸ್ಯಾನ್‌ಫ್ರಾನ್ಸಿಸ್ಕೋದ ಮೃಗಾಲಯದಲ್ಲಿ 1952ರಲ್ಲಿ ಮರಿಕೋತಿಗಳೆರಡು ಒಂದನ್ನೊಂದು ಕಚ್ಚುತ್ತ, ಎಳೆದಾಡುತ್ತ ಆಡುವುದನ್ನು ಅವರು ಗಮನಿಸಿದರು. ನೋಡುವುದಕ್ಕೆ ಅದು ಜಗಳದಂತೆಯೇ ಇದ್ದರೂ ಅದು ಜಗಳವಲ್ಲ ಎಂಬುದು ಎರಡೂ ಕೋತಿಗಳಿಗೆ ಗೊತ್ತಿತ್ತು, ನೋಡುತ್ತ ನಿಂತ ಮನುಷ್ಯನಿಗೂ ಗೊತ್ತಾಗುತ್ತಿತ್ತು. ಹಾಗಿದ್ದರೆ ಈ ಕಚ್ಚುವಿಕೆಗೆ ನಿಜವಾದ ಕಚ್ಚುವಿಕೆಯ ಅರ್ಥವಿಲ್ಲ ಎಂಬ ಸೂಚನೆಯನ್ನು ಅವು ಪರಸ್ಪರ ಕೊಟ್ಟುಕೊಳ್ಳುತ್ತಿರಲೇಬೇಕು ಎಂದು ತರ್ಕಿಸಿದ ಬೇಟ್‌ಸನ್, ಮಾತನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಸುವ ಈ ಮೇಲುಸೂಚನೆಯನ್ನು 1955ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ 'ಚೌಕಟ್ಟು' ಎಂದು ಕರೆದರು.

ಎದುರೆದುರು ಕುಳಿತು ಹರಟುವಾಗ ಈ ಚೌಕಟ್ಟನ್ನು ಕಟ್ಟಿಕೊಡುವುದು ದನಿಯ ಏರಿಳಿತ, ಹುಬ್ಬಿನ ಚಲನೆ, ತುಟಿಯಂಚಿನ ನಗು. ಬರಹದಲ್ಲಿ ಇವು ಯಾವುವೂ ಇಲ್ಲ. ಬಹುಕಾಲ ಒಟ್ಟಿಗೆ ಬರೆಯುತ್ತ ಬಂದವರಿಗೆ ಪರಸ್ಪರರ ಶೈಲಿಯ ಪರಿಚಯವೇ ಆ ಕೊರತೆಯನ್ನು ತುಂಬಿಕೊಡುತ್ತದೆ. ಹೊಸಬರಿಗೆ ಆ ಆಸರೆಯೂ ಇರುವುದಿಲ್ಲ. ಅತಿರೇಕದ ನಿಲುವೊಂದರ ಅಣಕವನ್ನು ಬರೆದು, ಅದು ಅಣಕವೆಂಬ ಸೂಚನೆಯನ್ನು ಕೊಡದೆ ಹೋದರೆ, ಅದನ್ನು ನಿಜವೆಂದೇ ನಂಬುವವರು ಇದ್ದೇ ಇರುತ್ತಾರೆ ಎಂದು ಧಾರ್ಮಿಕ ಚರ್ಚೆಯೊಂದರಲ್ಲಿ 2005ರಲ್ಲಿ ಬಂದ ಮಾತು 'ಪೋ ನಿಯಮ' ಎಂಬ ಹೆಸರಿನಿಂದ ಪ್ರಸಿದ್ಧವಾದುದು ಈ ಕಾರಣಕ್ಕೆ. ಅಮೆರಿಕದ ಅಣಕು ಪತ್ರಿಕೆ 'ದಿ ಆನಿಯನ್' 2012ರಲ್ಲಿ ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್ ಅವರನ್ನು ಜಗತ್ತಿನ ಅತ್ಯಂತ ಆಕರ್ಷಕ ಪುರುಷನೆಂದು ತಮಾಷೆಗೆ ಘೋಷಿಸಿದಾಗ, ಚೀನಾದ ಅಧಿಕೃತ ಪತ್ರಿಕೆ 'ಪೀಪಲ್ಸ್ ಡೈಲಿ'ಯ ಜಾಲತಾಣ ಅದನ್ನು ನಿಜವಾದ ಗೌರವವೆಂದು ಭಾವಿಸಿ, ಹತ್ತಾರು ಚಿತ್ರಗಳೊಂದಿಗೆ ಮರುಪ್ರಕಟಿಸಿತು. ಆ ಪತ್ರಿಕೆಯ ಸಂಪಾದಕರು ಮೂರ್ಖರಾಗಿರಲಿಲ್ಲ. ಆ ಹಾಸ್ಯದ ಮನೆಗೆ ಅವರು ಹೊಸಬರಾಗಿದ್ದರು ಅಷ್ಟೆ.

ಮುಗಿಯದ ಸೆಪ್ಟೆಂಬರ್

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1979ರಲ್ಲಿ ರೂಪಿಸಿದ 'ಯೂಸ್‌ನೆಟ್' ಎಂಬ ಜಾಲ, ವಿಷಯಕ್ಕೊಂದರಂತೆ ಗುಂಪುಗಳನ್ನು ಮಾಡಿಕೊಂಡು ಲೋಕದ ಬೇರೆ ಬೇರೆ ಕಡೆಯ ಜನರು ಬರೆದುಕೊಳ್ಳಲು ಅವಕಾಶವಿತ್ತ ಮೊದಲ ದೊಡ್ಡ ವ್ಯವಸ್ಥೆಗಳಲ್ಲಿ ಒಂದು. ಅದರ ಹಾಸ್ಯದ ಗುಂಪುಗಳಲ್ಲಿ ಹೊಸಬರ ಬಗೆಗಿನ ಸೌಜನ್ಯ ತಾಂತ್ರಿಕ ರೂಪವನ್ನೇ ಪಡೆದದ್ದು ವಿಶೇಷ. ಕೆಲವರ ಮನಸ್ಸಿಗೆ ನೋವಾಗಬಹುದಾದ ಚುಟುಕುಗಳನ್ನು ಅಲ್ಲಿ 'ರಾಟ್-13' ಎಂಬ ಸರಳ ಗೂಢಲಿಪಿಯಲ್ಲಿ ಬರೆಯುತ್ತಿದ್ದರು. ಇಂಗ್ಲಿಷಿನ ಪ್ರತಿ ಅಕ್ಷರದ ಬದಲು ಅದರಿಂದ 13 ಸ್ಥಾನ ಮುಂದಿರುವ ಅಕ್ಷರವನ್ನು ಬರೆಯುವುದು ಇದರ ಕ್ರಮ. ಒಟ್ಟು ಅಕ್ಷರಗಳು 26 ಆದುದರಿಂದ ಅದೇ ಕ್ರಿಯೆಯನ್ನು ಇನ್ನೊಮ್ಮೆ ಮಾಡಿದರೆ ಮೂಲಪಾಠ ಮರಳಿ ಬರುತ್ತದೆ. ಗುಟ್ಟನ್ನು ಕಾಪಾಡುವ ಶಕ್ತಿ ಈ ಲಿಪಿಗೆ ಇರಲಿಲ್ಲ, ಅದು ಅದರ ಉದ್ದೇಶವೂ ಆಗಿರಲಿಲ್ಲ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಆ ಚುಟುಕು ತಾನಾಗಿ ಬೀಳದಂತೆ ನೋಡಿಕೊಂಡು, ಓದಬೇಕೋ ಬೇಡವೋ ಎಂಬ ನಿರ್ಧಾರವನ್ನು ಓದುಗರ ಕೈಗೇ ಬಿಡುವುದು ಅದರ ಉದ್ದೇಶವಾಗಿತ್ತು. ಬ್ರಾಡ್ ಟೆಂಪಲ್ಟನ್ ಅವರು 1987ರಲ್ಲಿ ಆರಂಭಿಸಿದ ಹಾಸ್ಯದ ಗುಂಪಿನಲ್ಲಿ ಇನ್ನೊಂದು ಕ್ರಮ ರೂಢಿಗೆ ಬಂತು: ಯಾರು ಬೇಕಾದರೂ ಚುಟುಕು ಕಳಿಸಬಹುದಿತ್ತು, ಆದರೆ ಸಂಪಾದಕರು ಆಯ್ದದ್ದು ಮಾತ್ರ ಪ್ರಕಟವಾಗುತ್ತಿತ್ತು.

ವಿಶ್ವವಿದ್ಯಾಲಯಗಳು ತೆರೆಯುವ ಸೆಪ್ಟೆಂಬರ್ ತಿಂಗಳಲ್ಲಿ ಪ್ರತಿವರ್ಷವೂ ಹೊಸ ವಿದ್ಯಾರ್ಥಿಗಳು ಯೂಸ್‌ನೆಟ್ಟಿಗೆ ಬರುತ್ತಿದ್ದರು. ಕೆಲವು ವಾರ ಗೊಂದಲವಾಗುತ್ತಿತ್ತು. ಪದೇ ಪದೇ ಕೇಳಲಾಗುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಪಟ್ಟಿಯನ್ನು ಓದಿ, ಹಳಬರಿಂದ ಹೇಳಿಸಿಕೊಂಡು, ಬಂದವರು ಅಲ್ಲಿನ ರೀತಿನೀತಿಗಳಿಗೆ ಹೊಂದಿಕೊಳ್ಳುತ್ತಿದ್ದರು. 1993ರ ನಂತರ ವಾಣಿಜ್ಯ ಸಂಸ್ಥೆಗಳು ಸಾಮಾನ್ಯ ಜನರಿಗೂ ಈ ಜಾಲದ ಬಾಗಿಲು ತೆರೆದಾಗ ಹೊಸಬರ ಪ್ರವಾಹ ವರ್ಷವಿಡೀ ಹರಿಯತೊಡಗಿತು. ಹಳಬರು ಆ ಸ್ಥಿತಿಗೆ 'ಮುಗಿಯದ ಸೆಪ್ಟೆಂಬರ್' ಎಂದು ಹೆಸರಿಟ್ಟರು. ಈ ಹೆಸರಿನಲ್ಲಿ ಹೊಸಬರ ಮೇಲಿನ ದೂರು ಇದೆ. ಆದರೆ ಸೋತದ್ದು ಹೊಸಬರು ಎನ್ನುವುದಕ್ಕಿಂತ ಸ್ವಾಗತದ ವ್ಯವಸ್ಥೆ ಸೋತಿತು ಎನ್ನುವುದು ಹೆಚ್ಚು ಸರಿ, ಏಕೆಂದರೆ ವರ್ಷಕ್ಕೊಮ್ಮೆ ಬರುವ ಕೆಲವರಿಗೆ ಸಾಕಾಗುತ್ತಿದ್ದ ಪಟ್ಟಿ ಮತ್ತು ಗದರಿಕೆಗಳು ದಿನದಿನವೂ ಬರುವ ಸಾವಿರಾರು ಜನರಿಗೆ ಸಾಕಾಗುವಂತಿರಲಿಲ್ಲ.

ಆಟವೆಂಬ ಬಾಗಿಲು

ಪಟ್ಟಿ ಮತ್ತು ನಿಯಮಗಳು ಮಾಡಲಾರದ್ದನ್ನು ಆಟ ಹೇಗೆ ಮಾಡುತ್ತದೆ ಎಂಬುದಕ್ಕೆ ಕಲಿಕೆಯ ಬಗೆಗಿನ ಒಂದು ಪ್ರಸಿದ್ಧ ಅಧ್ಯಯನ ನೆರವಾಗುತ್ತದೆ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅವರು 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯ ದೇಶದ ದರ್ಜಿಗಳ ಉದಾಹರಣೆ ಬರುತ್ತದೆ. ಅಲ್ಲಿ ಕೆಲಸ ಕಲಿಯಲು ಬಂದ ಹುಡುಗರು ಬಟ್ಟೆ ಕತ್ತರಿಸುವುದರಿಂದ ಆರಂಭಿಸುವುದಿಲ್ಲ. ಹೆಚ್ಚುಕಡಿಮೆ ಸಿದ್ಧವಾದ ಉಡುಪಿಗೆ ಗುಂಡಿ ಹಾಕುವುದು, ಅಂಚು ಮಡಿಚಿ ಹೊಲಿಯುವುದು ಮೊದಲಾದ ಕೊನೆಯ ಕೆಲಸಗಳಿಂದ ಆರಂಭಿಸಿ, ಹಿಂದುಹಿಂದಕ್ಕೆ ಸಾಗಿ ಹೊಲಿಗೆಗೂ ಆಮೇಲೆ ಕತ್ತರಿಗೂ ಬರುತ್ತಾರೆ. ಮೊದಲ ದಿನದ ಕೆಲಸ ಚಿಕ್ಕದು, ಅದರಲ್ಲಿ ತಪ್ಪಾದರೆ ನಷ್ಟವೂ ಚಿಕ್ಕದು, ಆದರೆ ಅದು ನಿಜವಾದ ಕೆಲಸ. ಆ ಗುಂಡಿಯಿರುವ ಅಂಗಿಯನ್ನು ಯಾರೋ ತೊಟ್ಟುಕೊಳ್ಳುತ್ತಾರೆ. ಅಂಚಿನಲ್ಲಿ ನಿಂತು, ಆದರೆ ಅಧಿಕೃತವಾಗಿಯೇ ಪಾಲ್ಗೊಳ್ಳುವ ಈ ಕ್ರಮದಿಂದ ಹೊಸಬರು ಬಳಗದವರಾಗುತ್ತಾರೆ ಎಂಬುದು ಆ ಗ್ರಂಥದ ಪ್ರತಿಪಾದನೆ.

ಹಾಸ್ಯದ ಬಳಗದಲ್ಲಿ ಈ ಚಿಕ್ಕ, ಆದರೆ ನಿಜವಾದ ಕೆಲಸವನ್ನು ಹೊಸಬರಿಗೆ ಒದಗಿಸುವುದು ಆಟ. ಒಂದು ಚಿತ್ರಕ್ಕೆ ಒಂದು ಸಾಲಿನ ಅಡಿಬರಹ ಕೊಡುವುದು, ಹಿಂದಿನವರು ಬರೆದ ಪದಕ್ಕೆ ನೆನಪಾದ ಇನ್ನೊಂದು ಪದವನ್ನು ಜೋಡಿಸುವುದು, ಒಬ್ಬರು ನಿಲ್ಲಿಸಿದ ಕಥೆಯನ್ನು ಮತ್ತೊಬ್ಬರು ಒಂದೇ ವಾಕ್ಯದಿಂದ ಮುಂದುವರಿಸುವುದು, ಚಲನಚಿತ್ರಗಳ ಹೆಸರಿನಲ್ಲಿ ಒಂದು ಅಕ್ಷರವನ್ನಷ್ಟೇ ಬದಲಿಸಿ ಬೇರೆ ಅರ್ಥ ಬರಿಸುವುದು, ಇವೇ ಮೊದಲಾದವು ಇಂಥ ಬಳಗಗಳ ಸಾಮಾನ್ಯ ಆಟಗಳು. ಇವುಗಳಲ್ಲಿ ಕೆಲವು ಅಂತರ್ಜಾಲಕ್ಕಿಂತ ಬಹಳ ಹಳೆಯವು. ಪ್ಯಾರಿಸ್ಸಿನ ಅತಿವಾಸ್ತವವಾದಿ ಕವಿ ಕಲಾವಿದರು 1925ರ ಸುಮಾರಿಗೆ ಕಾಗದವನ್ನು ಮಡಿಚಿ, ಹಿಂದಿನವರು ಬರೆದದ್ದು ಕಾಣದಂತೆ ಮಾಡಿ, ಒಬ್ಬೊಬ್ಬರೂ ಒಂದೊಂದು ಪದ ಸೇರಿಸುತ್ತ ವಾಕ್ಯ ಕಟ್ಟುವ ಆಟವನ್ನು ಆಡುತ್ತಿದ್ದರು. 'ದಿ ನ್ಯೂಯಾರ್ಕರ್' ಪತ್ರಿಕೆ 2005ರಿಂದ ವ್ಯಂಗ್ಯಚಿತ್ರಕ್ಕೆ ಅಡಿಬರಹ ಬರೆಯುವ ಸ್ಪರ್ಧೆಯನ್ನು ವಾರವಾರವೂ ನಡೆಸುತ್ತಿದೆ. ಪ್ರಸಿದ್ಧ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ ಅವರು ನೂರಕ್ಕೂ ಹೆಚ್ಚು ಬಾರಿ ಬರೆದು ಸೋತ ಮೇಲೆ 2011ರಲ್ಲಿ ಅದನ್ನು ಗೆದ್ದರು. ಅಂಥ ಹೆಸರಾಂತ ಬರಹಗಾರರೂ ಮೊದಲ ಬಾರಿ ಬರೆಯುವ ಓದುಗರೂ ಒಂದೇ ಚಿತ್ರದ ಮುಂದೆ ಸಮಾನರಾಗಿ ನಿಲ್ಲುವುದು ಆಟದ ಕಾರಣದಿಂದ.

ಆಟಕ್ಕೆ ಈ ಶಕ್ತಿ ಬರುವುದು ಅದರ ರಚನೆಯಿಂದ. ಆಟದಲ್ಲಿ ಸರದಿಯಿರುವುದರಿಂದ, ಯಾವಾಗ ಬಾಯಿ ತೆರೆಯಬೇಕೆಂಬ ಸಂಕೋಚ ಹೊಸಬರಿಗೆ ಇರುವುದಿಲ್ಲ. ಮಾತಿನ ಅಳತೆ ಮೊದಲೇ ಗೊತ್ತಿರುವುದರಿಂದ, ಎಷ್ಟು ಬರೆಯಬೇಕೆಂಬ ಅನುಮಾನವಿರುವುದಿಲ್ಲ. ಒಂದು ಸರದಿ ಸಪ್ಪೆಯಾದರೂ ಮುಂದಿನವರ ಸರದಿ ಅದನ್ನು ದಾಟಿಕೊಂಡು ಹೋಗುವುದರಿಂದ, ಸೋಲು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಆಟವೆಂಬ ಚೌಕಟ್ಟು ಎಲ್ಲರ ಕಣ್ಣೆದುರಿಗೇ ಇರುತ್ತದೆ. ಬೇಟ್‌ಸನ್ ಹೇಳಿದ ಸೂಚನೆಯನ್ನು ಪ್ರತಿ ಮಾತಿಗೂ ಬೇರೆಯಾಗಿ ಕೊಡಬೇಕಾಗುವುದಿಲ್ಲ.

ಆದರೆ ಎಲ್ಲ ಆಟವೂ ಹೊಸಬರಿಗೆ ತಾನಾಗಿ ಒಲಿಯುವುದಿಲ್ಲ ಎಂಬುದಕ್ಕೆ ಬ್ರಿಟನ್ನಿನ 'ಮಾರ್ನಿಂಗ್‌ಟನ್ ಕ್ರೆಸೆಂಟ್' ಎಂಬ ಆಟ ಉದಾಹರಣೆ. ಬಿಬಿಸಿ ರೇಡಿಯೋದಲ್ಲಿ 1972ರಲ್ಲಿ ಆರಂಭವಾದ 'ಐ ಆ್ಯಮ್ ಸಾರಿ ಐ ಹ್ಯಾವಂಟ್ ಎ ಕ್ಲೂ' ಎಂಬ ಹಾಸ್ಯ ಕಾರ್ಯಕ್ರಮದಲ್ಲಿ 1978ರಲ್ಲಿ ಕಾಣಿಸಿಕೊಂಡ ಈ ಆಟದಲ್ಲಿ, ಆಟಗಾರರು ಸರದಿಯ ಮೇಲೆ ಲಂಡನ್ನಿನ ಬೀದಿಗಳ, ನೆಲದಡಿಯ ರೈಲುನಿಲ್ದಾಣಗಳ ಹೆಸರುಗಳನ್ನು ಗಂಭೀರವಾಗಿ ಹೇಳುತ್ತ ಹೋಗುತ್ತಾರೆ. ಮಾರ್ನಿಂಗ್‌ಟನ್ ಕ್ರೆಸೆಂಟ್ ಎಂಬ ನಿಲ್ದಾಣದ ಹೆಸರನ್ನು ಮೊದಲು ಹೇಳಿದವರಿಗೆ ಗೆಲುವು. ಯಾವ ಹೆಸರಿನ ನಂತರ ಯಾವುದನ್ನು ಹೇಳಬಹುದೆಂಬ ಜಟಿಲ ನಿಯಮಗಳನ್ನು ಆಟಗಾರರು ಉಲ್ಲೇಖಿಸುತ್ತಾರೆ, ಹಿಂದಿನ ಪಂದ್ಯಗಳ ಪೂರ್ವನಿದರ್ಶನಗಳನ್ನು ಎತ್ತುತ್ತಾರೆ, ಒಂದು ನಡೆಯ ಚಾತುರ್ಯವನ್ನು ಮೆಚ್ಚಿ ತಲೆದೂಗುತ್ತಾರೆ. ವಾಸ್ತವದಲ್ಲಿ ಈ ಆಟಕ್ಕೆ ನಿಯಮಗಳೇ ಇಲ್ಲ. ಇಲ್ಲದ ನಿಯಮಗಳನ್ನು ಇರುವಂತೆ ಎಲ್ಲರೂ ಸೇರಿ ನಟಿಸುವುದೇ ಆಟ. ರೇಡಿಯೋದಿಂದ ಗಣಕಜಾಲಕ್ಕೆ ಬಂದ ಈ ಆಟವನ್ನು ಅಲ್ಲಿನ ಬಳಗಗಳು ವರ್ಷಗಟ್ಟಲೆ ಆಡಿವೆ. ದುರಸ್ತಿಗಾಗಿ 1992ರಲ್ಲಿ ಮುಚ್ಚಲಾಗಿದ್ದ ಆ ನಿಲ್ದಾಣವನ್ನು 1998ರ ಏಪ್ರಿಲ್ 27ರಂದು ಮತ್ತೆ ತೆರೆದಾಗ, ಆ ಕಾರ್ಯಕ್ರಮದ ಕಲಾವಿದರನ್ನೇ ಉದ್ಘಾಟನೆಗೆ ಕರೆಯುವಷ್ಟರ ಮಟ್ಟಿಗೆ ಅದು ಜನಪ್ರಿಯವಾಗಿತ್ತು.

ಈ ಆಟದ ಸೊಗಸೆಲ್ಲ ಹೊಸಬರಿಗೆ ನಿಯಮ ತಿಳಿಯದಿರುವುದರ ಮೇಲೆ ನಿಂತಿರುವಂತೆ ತೋರುತ್ತದೆ, ಅದರ ಅಪಾಯವೂ ಅಲ್ಲಿಯೇ ಇದೆ. ನಿಯಮಗಳನ್ನು ಕೇಳಿದವರಿಗೆ ಮತ್ತಷ್ಟು ಕೃತಕ ನಿಯಮಗಳನ್ನೇ ಹೇಳುತ್ತ ಹೋದರೆ ಅವರು ಅವಮಾನಗೊಂಡು ಹೊರಟುಹೋಗುತ್ತಾರೆ. ಎಲ್ಲರೆದುರು ಗುಟ್ಟನ್ನು ಒಡೆದರೆ ಆಟ ಕೆಡುತ್ತದೆ. ಸಜ್ಜನಿಕೆಯ ಬಳಗ ಇವೆರಡರ ನಡುವಣ ದಾರಿ ಹಿಡಿಯುತ್ತದೆ: ಯಾರಾದರೊಬ್ಬರು ಹೊಸಬರಿಗೆ ಖಾಸಗಿಯಾಗಿ ಒಂದು ಮಾತು ಬರೆದು ಗುಟ್ಟು ತಿಳಿಸುತ್ತಾರೆ, ಆ ಗಳಿಗೆಯಿಂದಲೇ ಹೊಸಬರೂ ಒಳಗಿನವರಾಗಿ ನಟಿಸತೊಡಗುತ್ತಾರೆ.

ಅನ್‌ಸೈಕ್ಲೋಪೀಡಿಯದ ಪಾಠ

ಸ್ವಾಗತದ ಕೆಲಸವನ್ನು ವ್ಯವಸ್ಥಿತವಾಗಿ ನಡೆಸಿದ ಹಾಸ್ಯ ಬಳಗಗಳಲ್ಲಿ, 2005ರ ಜನವರಿಯಲ್ಲಿ ಅಮೆರಿಕದಲ್ಲಿ ಆರಂಭವಾದ 'ಅನ್‌ಸೈಕ್ಲೋಪೀಡಿಯ' ಗಮನಾರ್ಹ. ವಿಕಿಪೀಡಿಯದ ಅಣಕಾಗಿ ಹುಟ್ಟಿದ ಈ ಸುಳ್ಳು ವಿಶ್ವಕೋಶದಲ್ಲಿ ವಿಕಿಪೀಡಿಯದ ಒಗಟುಗೋಲದ ಲಾಂಛನದ ಬದಲು ಆಲೂಗಡ್ಡೆಯ ಆಕಾರದ ಒಗಟಿದೆ. ಯಾರು ಬೇಕಾದರೂ ಬಂದು ಲೇಖನ ಬರೆಯಬಹುದು, ಇದ್ದುದನ್ನು ತಿದ್ದಬಹುದು. ಇಂಥ ತೆರೆದ ಬಾಗಿಲಿನಿಂದ ಹಾಸ್ಯಕ್ಕಿಂತ ಅಸಂಬದ್ಧವೇ ಹೆಚ್ಚಾಗಿ ಒಳಬರುತ್ತದೆ. ಅದನ್ನು ಅಳಿಸಿಹಾಕುವುದರಲ್ಲೇ ತೃಪ್ತರಾಗದ ಹಳಬರು, ಪೆದ್ದುಪೆದ್ದಾಗದೆ ತಮಾಷೆಯಾಗಿ ಬರೆಯುವುದು ಹೇಗೆಂಬ ವಿಸ್ತಾರವಾದ ಕೈಪಿಡಿಯೊಂದನ್ನು ರಚಿಸಿ, ಬಂದವರೆಲ್ಲರಿಗೂ ಮೊದಲು ಅದನ್ನು ಓದಲು ಹೇಳಿದರು. ಬಾಯಿಗೆ ಬಂದ ಅಸಂಬದ್ಧಕ್ಕಿಂತ ಸತ್ಯವನ್ನು ಸ್ವಲ್ಪವೇ ಬಾಗಿಸಿದಾಗ ಹುಟ್ಟುವ ನಗು ಬಲವಾದುದು, ಗೆಳೆಯರ ಗುಂಪಿಗೆ ಮಾತ್ರ ತಿಳಿಯುವ ಹಾಸ್ಯ ಉಳಿದವರಿಗೆ ಬರಡು, ಬೈಗುಳವೇ ಹಾಸ್ಯವಲ್ಲ ಎಂಬಂಥ ತಿಳಿವಳಿಕೆಗಳು ಅದರಲ್ಲಿವೆ. ನಗಿಸುವುದು ಹುಟ್ಟಿನಿಂದ ಬರಬೇಕಾದ ಗುಣವೆಂಬ ಸಾಮಾನ್ಯ ನಂಬಿಕೆಯನ್ನು ಬದಿಗಿಟ್ಟು, ಅದನ್ನು ಕಲಿಸಬಹುದಾದ ಕಸುಬೆಂದು ಪರಿಗಣಿಸಿದ್ದು ಈ ಕೈಪಿಡಿಯ ಹಿರಿಮೆ.

ಕೈಪಿಡಿಯ ಜೊತೆಗೆ ಮನುಷ್ಯರ ನೆರವೂ ಇತ್ತು. ಅನುಭವಿಗಳು ಹೊಸಬರನ್ನು ಒಬ್ಬೊಬ್ಬರನ್ನಾಗಿ 'ದತ್ತು' ತೆಗೆದುಕೊಂಡು ಅವರ ಪ್ರಶ್ನೆಗಳಿಗೆ ಉತ್ತರಿಸುವ ಏರ್ಪಾಡು, ತಿಂಗಳಿಗೊಮ್ಮೆ ಒಬ್ಬ ಉತ್ತಮ ಹೊಸಬರನ್ನು ಮತದಿಂದ ಆರಿಸುವ ಪದ್ಧತಿ, ಬರೆದ ಲೇಖನವನ್ನು ವಿಮರ್ಶೆಗೆ ಒಪ್ಪಿಸುವ ಅವಕಾಶ ಅಲ್ಲಿ ಬೆಳೆದುಬಂದವು. ವಿಮರ್ಶೆಯ ಕ್ರಮವನ್ನು ಹತ್ತಿರದಿಂದ ನೋಡುವುದು ಉಪಯುಕ್ತ: ವಿಮರ್ಶಕರು ಲೇಖನದ ಹಾಸ್ಯ, ಕಲ್ಪನೆ, ಗದ್ಯ, ಚಿತ್ರಗಳು ಮತ್ತು ಇತರ ಅಂಶಗಳು ಎಂಬ ಐದು ತಲೆಬರಹಗಳ ಕೆಳಗೆ ತಲಾ ಹತ್ತು ಅಂಕಗಳಿಗೆ ಬೆಲೆಕಟ್ಟಿ, ಪ್ರತಿಯೊಂದಕ್ಕೂ ಕಾರಣ ಬರೆಯುತ್ತಿದ್ದರು. ನಗು ಬರಲಿಲ್ಲ ಎಂಬ ಒಂದೇ ಮಾತು ಹೊಸಬರನ್ನು ಕುಗ್ಗಿಸುತ್ತದೆ. ಕಲ್ಪನೆ ಚೆನ್ನಾಗಿದೆ, ಆದರೆ ಮೂರನೆಯ ಭಾಗದಲ್ಲಿ ಅದೇ ಹಾಸ್ಯ ಮರುಕಳಿಸಿದೆ ಎಂಬ ಮಾತು ತಿದ್ದಿಕೊಳ್ಳಲು ದಾರಿ ತೋರಿಸುತ್ತದೆ.

ಆಟಗಳಿಗೂ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಕೆಲವರು 1977ರಿಂದ ರೂಪಿಸಿದ 'ಝಾರ್ಕ್' ಎಂಬ ಹಳೆಯ ಗಣಕದ ಆಟವನ್ನು ಅಣಕಿಸುವ ಆಟ ಅವುಗಳಲ್ಲಿ ಹೆಸರಾದುದು. ಮೂಲ ಆಟದಲ್ಲಿ ಚಿತ್ರಗಳಿರಲಿಲ್ಲ. ಬಿಳಿಯ ಮನೆಯೊಂದರ ಮುಂದಿನ ಬಯಲಿನಲ್ಲಿ ನಿಂತ ಆಟಗಾರರು ಅಕ್ಷರಗಳಲ್ಲಿ ಆಜ್ಞೆ ಬರೆಯುತ್ತ ನೆಲಮಾಳಿಗೆಯ ಲೋಕವನ್ನು ಶೋಧಿಸಬೇಕಿತ್ತು. ಅಣಕಿನಲ್ಲಿ ಆಜ್ಞೆಗಳ ಬದಲು ಕೊಂಡಿಗಳಿದ್ದು, ಪ್ರತಿ ಆಯ್ಕೆಯೂ ಇನ್ನೊಂದು ಪುಟಕ್ಕೆ ಒಯ್ಯುತ್ತದೆ. ತಿದ್ದಲು ಎಲ್ಲರಿಗೂ ಅವಕಾಶವಿರುವ ವ್ಯವಸ್ಥೆಯಾದ್ದರಿಂದ, ಓದಲು ಬಂದವರು ಆಡುತ್ತಾರೆ, ಆಡಿದವರು ಹೊಸದೊಂದು ಕವಲು ಸೇರಿಸುತ್ತಾರೆ, ಸೇರಿಸಿದವರು ಲೇಖಕರಾಗುತ್ತಾರೆ. ದರ್ಜಿಯ ಅಂಗಡಿಯಲ್ಲಿ ಗುಂಡಿ ಹಾಕುತ್ತ ಕತ್ತರಿಯವರೆಗೆ ಹೋಗುವ ಕ್ರಮವೇ ಇಲ್ಲಿಯೂ ನಡೆಯುತ್ತದೆ. ಆತಿಥ್ಯ ನೀಡುತ್ತಿದ್ದ ಸಂಸ್ಥೆಯೊಂದಿಗಿನ ಭಿನ್ನಾಭಿಪ್ರಾಯದಿಂದ 2013ರಲ್ಲಿ ಬಳಗ ಎರಡಾಗಿ ಒಡೆದರೂ, 2019ರಲ್ಲಿ ಆ ಸಂಸ್ಥೆ ತನ್ನ ಆವೃತ್ತಿಯನ್ನು ಮುಚ್ಚಿದರೂ, ಅನ್‌ಸೈಕ್ಲೋಪೀಡಿಯ ಉಳಿದುಕೊಂಡಿತು. ತಾಣ ಕೈತಪ್ಪಿದರೂ ಬಳಗ ಕೈಬಿಡದಿರಲು, ಹೊಸಬರನ್ನು ಹಳಬರನ್ನಾಗಿಸುವ ಈ ಅಭ್ಯಾಸ ದೊಡ್ಡ ಆಧಾರವಾಗಿತ್ತೆಂದು ಹೇಳಬೇಕು.

ಹಾಸ್ಯವಲ್ಲದ ವಿಕಿಪೀಡಿಯದ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಹೊಸಬರನ್ನು ಕಚ್ಚಬಾರದು ಎಂಬ ಮಾರ್ಗಸೂಚಿ ಅಲ್ಲಿ ಬಹುಕಾಲದಿಂದ ಇದೆ. ಆದರೂ ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರ ಸಂಖ್ಯೆ 2007ರ ನಂತರ ಇಳಿಯತೊಡಗಿತು. ಸದುದ್ದೇಶದಿಂದ ಬರುವ ಹೊಸಬರ ಪ್ರಮಾಣ ಕಡಿಮೆಯಾಗಿಲ್ಲ, ಆದರೆ ಅವರ ಮೊದಲ ಬರಹಗಳನ್ನು ಸ್ವಯಂಚಾಲಿತ ಸಾಧನಗಳ ನೆರವಿನಿಂದ ತಕ್ಷಣ ತೆಗೆದುಹಾಕುವುದು ಹೆಚ್ಚಿದೆ, ಅದರಿಂದ ಅವರು ಮರಳಿ ಬರುವುದು ಕಡಿಮೆಯಾಗಿದೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೊಸಬರು ನಿರ್ಭಯವಾಗಿ ಪ್ರಶ್ನೆ ಕೇಳಲು 'ಟೀಹೌಸ್' ಎಂಬ ಜಾಗವನ್ನು ಅಲ್ಲಿ 2012ರಲ್ಲಿ ತೆರೆಯಲಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಜಾಗ 'ಅರಳಿ ಕಟ್ಟೆ'.

ಕನ್ನಡದ ಪರಂಪರೆ

ಹಾಸ್ಯದ ಬಳಗ ಹೊಸಬರನ್ನು ಬೆಳೆಸಿದ ನಿದರ್ಶನಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ವೈದ್ಯರೂ ಲೇಖಕರೂ ಆಗಿದ್ದ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಪತ್ರಿಕೆ ಅಂಥದೊಂದು ಬಳಗವಾಗಿತ್ತು. ಮೈಸೂರಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರಗಳನ್ನು ಬರೆದರು. ಹಾಸ್ಯವೆಂದರೆ ಗಂಡಸರದೇ ಕ್ಷೇತ್ರವೆಂಬ ಭಾವನೆಯಿದ್ದ ಕಾಲದಲ್ಲಿ ಟಿ. ಸುನಂದಮ್ಮ ಅದರಲ್ಲಿ ಬರೆಯುತ್ತ ಕನ್ನಡದ ಪ್ರಮುಖ ಹಾಸ್ಯ ಲೇಖಕಿಯಾದರು. 1967ರಲ್ಲಿ 'ಕೊರವಂಜಿ' ನಿಂತರೂ, ಅದರ ಪರಂಪರೆಯನ್ನು 1983ರಲ್ಲಿ ಹುಟ್ಟಿದ 'ಅಪರಂಜಿ' ಮುಂದುವರಿಸಿತು.

ನುಡಿಯಾಟದ ಪರಂಪರೆ ಇನ್ನೂ ಹಳೆಯದು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಒಡ್ಡುವ ಸವಾಲುಗಳನ್ನು ಅವಧಾನಿ ಏಕಕಾಲದಲ್ಲಿ ನಿರ್ವಹಿಸಬೇಕು. ಅಸಂಗತವೆನಿಸುವ ಒಂದು ಸಾಲನ್ನು ಕೊಟ್ಟು, ಉಳಿದ ಸಾಲುಗಳನ್ನು ಅರ್ಥ ಹೊಂದುವಂತೆ ಕಟ್ಟಿಸುವ ಸಮಸ್ಯಾಪೂರಣ ಅವುಗಳಲ್ಲಿ ಒಂದು. ನಡುನಡುವೆ ಸಂಬಂಧವಿಲ್ಲದ ತಮಾಷೆಯ ಪ್ರಶ್ನೆಗಳನ್ನೆಸೆದು ಅವಧಾನಿಯ ಏಕಾಗ್ರತೆಯನ್ನು ಪರೀಕ್ಷಿಸುವ ಅಪ್ರಸ್ತುತಪ್ರಸಂಗ ಇನ್ನೊಂದು. ಶತಾವಧಾನಿ ಆರ್. ಗಣೇಶ್ ಅವರ ಮಾರ್ಗದರ್ಶನದಲ್ಲಿ ಬೆಳೆದ 'ಪದ್ಯಪಾನ' ಎಂಬ ಜಾಲತಾಣದ ಬಳಗ ಇದೇ ಸಮಸ್ಯಾಪೂರಣ, ಚಿತ್ರಕ್ಕೆ ಪದ್ಯ ಮೊದಲಾದ ಆಟಗಳ ಮೂಲಕ ಹೊಸಬರಿಗೆ ಛಂದೋಬದ್ಧ ರಚನೆಯ ಅಭ್ಯಾಸ ಮಾಡಿಸಿದೆ. ಗಂಭೀರವೂ ಕಠಿಣವೂ ಆದ ವಿದ್ಯೆಗೇ ಆಟ ಬಾಗಿಲಾಗಬಲ್ಲುದಾದರೆ, ಹಾಸ್ಯಕ್ಕೆ ಆಗದಿರುವುದು ಹೇಗೆ?

ಇಂದು ಕನ್ನಡದ ಹಾಸ್ಯ ಬಹುಮಟ್ಟಿಗೆ ಓಡಾಡುವುದು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಮೀಮ್ ಮತ್ತು ಟ್ರೋಲ್ ಪೇಜುಗಳಲ್ಲಿ. ಇಲ್ಲಿ ಅಣಕು ಸುದ್ದಿ ತನ್ನ ಚೌಕಟ್ಟನ್ನು ಕಳಚಿಕೊಂಡು ಗ್ರೂಪಿನಿಂದ ಗ್ರೂಪಿಗೆ ಫಾರ್ವರ್ಡ್ ಆಗುತ್ತ, ಕೊನೆಗೆ ನಿಜವೆಂದು ನಂಬುವವರ ಕೈಗೆ ಬೀಳುತ್ತದೆ. ಮೊಬೈಲಿಗೆ ತಡವಾಗಿ ಬಂದ ಹಿರಿಯರು ಒಂದು ಮೀಮಿನ ಅರ್ಥ ಕೇಳಿದರೆ ಅವರನ್ನೇ ಮುಂದಿನ ಮೀಮಿನ ವಸ್ತುವನ್ನಾಗಿಸುವುದೂ, ಬೇರೆ ಜಿಲ್ಲೆಯ ಆಡುಮಾತಿನಲ್ಲಿ ಬರೆದವರ ಕನ್ನಡವನ್ನು ಹಂಗಿಸುವುದೂ ಕಾಣಸಿಗುತ್ತದೆ. ಹೊಸಬರನ್ನು ನಗೆಪಾಟಲು ಮಾಡುವುದು ಅವರನ್ನು ಬಳಗಕ್ಕೆ ಸೇರಿಸಿಕೊಳ್ಳುವ ರೀತಿಯೆಂಬ ವಾದ ಹಳೆಯದು. ಕಾಲೇಜುಗಳಲ್ಲಿ ರ‍್ಯಾಗಿಂಗ್ ಅನ್ನು ಸಮರ್ಥಿಸಿಕೊಂಡದ್ದೂ ಅದೇ ಮಾತಿನಿಂದ. ಅದು ಎಷ್ಟು ಜೀವಗಳನ್ನು ನೋಯಿಸಿತೆಂಬುದು ಮನವರಿಕೆಯಾದ ಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ಅದರ ವಿರುದ್ಧ ಕಟ್ಟುನಿಟ್ಟಿನ ನಿಯಮಾವಳಿಯನ್ನು ಹೊರಡಿಸಬೇಕಾಯಿತು. ಬಲವಿದ್ದವರು ಬಲವಿಲ್ಲದವರನ್ನು ನೋಡಿ ನಗುವಲ್ಲಿ ಬೇಟ್‌ಸನ್ ಹೇಳಿದ ಆಟದ ಚೌಕಟ್ಟು ಇರುವುದಿಲ್ಲ, ಏಕೆಂದರೆ ಆಟವೆಂದು ಒಪ್ಪಿಕೊಂಡವರು ಅಲ್ಲಿ ಒಂದು ಕಡೆಯವರು ಮಾತ್ರ.

ಆದ್ದರಿಂದ ಕನ್ನಡದ ಹಾಸ್ಯ ಬಳಗಗಳನ್ನು ನಡೆಸುವ ಅಡ್ಮಿನ್‌ಗಳು ಮಾಡಬೇಕಾದ ಕೆಲಸ ಕಷ್ಟದ್ದಲ್ಲ, ಆದರೆ ಬಿಡದೆ ಮಾಡಬೇಕಾದದ್ದು. ಬಳಗದ ಬಗೆ ಎಂಥದು, ಇಲ್ಲಿ ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ನಗುವುದಿಲ್ಲ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಮೇಲ್ಗಡೆ ಇರಿಸಬೇಕು. ಅಣಕನ್ನು ಅಣಕೆಂದು ಗುರುತಿಸಿಯೇ ಹೊರಬಿಡಬೇಕು. ವಾರಕ್ಕೊಂದಾದರೂ ಪೂರ್ವಕಥೆ ತಿಳಿಯದವರೂ ಆಡಬಹುದಾದ ಒಂದು ಸಾಲಿನ ಆಟವನ್ನು ಏರ್ಪಡಿಸಿ, ಹೊಸಬರ ಸರದಿಗೆ ಹಳಬರೊಬ್ಬರು ಕಡ್ಡಾಯವಾಗಿ ಪ್ರತಿಕ್ರಿಯಿಸಬೇಕು. ತಪ್ಪನ್ನು ಖಾಸಗಿಯಾಗಿ ತಿದ್ದಿ, ಮೆಚ್ಚುಗೆಯನ್ನು ಬಹಿರಂಗವಾಗಿ ಹೇಳಬೇಕು. ಇಂದಿನ ಹಳಬರೆಲ್ಲರೂ ಒಂದು ದಿನ ಏನೂ ತಿಳಿಯದೆ ಒಳಬಂದವರೇ, ಯಾರೋ ಒಬ್ಬರು ಜಾಗ ಮಾಡಿಕೊಟ್ಟದ್ದರಿಂದ ಉಳಿದವರೇ. ಆ ಋಣವನ್ನು ತೀರಿಸುವುದು ಮುಂದೆ ಬರುವವರಿಗೆ ಜಾಗ ಮಾಡಿಕೊಡುವುದರಿಂದ ಮಾತ್ರ ಸಾಧ್ಯ. ಅದನ್ನು ಮಾಡದ ಬಳಗ ಎಷ್ಟೇ ಚತುರವಾಗಿದ್ದರೂ ಹಳಬರೊಡನೆಯೇ ಮುಗಿದುಹೋಗುತ್ತದೆ.